ಪುಲಿಟ್ಜರ್ ಸಂಗೀತ ಬಹುಮಾನ: ಬಾಗಿಲು ಯಾರಿಗೆ ತೆರೆದಿದೆ?

ಚಾರ್ಲ್ಸ್ ಐವ್ಸ್ ಎಂಬ ಅಮೆರಿಕದ ಸಂಗೀತ ರಚನಕಾರರು ಹೊಟ್ಟೆಪಾಡಿಗೆ ಜೀವವಿಮೆಯ ವ್ಯವಹಾರ ನಡೆಸುತ್ತಿದ್ದವರು. ಕಚೇರಿ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ರಜೆಯ ದಿನಗಳಲ್ಲಿ, ಸಂಗೀತ ಬರೆಯುತ್ತಿದ್ದರು. ಅವರ ಮೂರನೆಯ ಸಿಂಫನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬಹುಮಟ್ಟಿಗೆ ರೂಪುಗೊಂಡಿತ್ತು. ಆದರೆ ಅದನ್ನು ನುಡಿಸುವವರೇ ಇರಲಿಲ್ಲ. ಹಾಳೆಗಳು ದಶಕಗಳ ಕಾಲ ಹಾಗೆಯೇ ಬಿದ್ದಿದ್ದವು. ಕೊನೆಗೆ 1946ರಲ್ಲಿ ನ್ಯೂಯಾರ್ಕ್‌ನಲ್ಲಿ ಲೂ ಹ್ಯಾರಿಸನ್ ಎಂಬ ಯುವ ಸಂಗೀತಗಾರರು ವಾದ್ಯವೃಂದವೊಂದನ್ನು ನಡೆಸಿ ಅದನ್ನು ಮೊದಲ ಬಾರಿಗೆ ಕೇಳಿಸಿದರು. ಮರುವರ್ಷ, ಅಂದರೆ 1947ರಲ್ಲಿ, ಅದೇ ಕೃತಿಗೆ ಪುಲಿಟ್ಜರ್ ಬಹುಮಾನ ಬಂತು. ಆಗ ಐವ್ಸ್ ಅವರಿಗೆ 72 ವರ್ಷ. ಬಂದ ಹಣವನ್ನೂ ಅವರು ಕೈಯಲ್ಲಿ ಇಟ್ಟುಕೊಳ್ಳಲಿಲ್ಲ, ಹಂಚಿಬಿಟ್ಟರು.

ಅಷ್ಟು ಹಳೆಯ ಕೃತಿಗೆ ಆ ವರ್ಷದ ಬಹುಮಾನ ಹೇಗೆ ಬಂತು ಎಂದು ಕೇಳಬಹುದು. ಉತ್ತರ ನಿಯಮಾವಳಿಯಲ್ಲೇ ಇದೆ. ಕೃತಿ ಯಾವಾಗ ಬರೆದದ್ದು ಎಂದು ನಿಯಮ ಕೇಳುವುದಿಲ್ಲ. ಅದು ಅಮೆರಿಕದಲ್ಲಿ ಮೊದಲು ಯಾವಾಗ ಕೇಳಿಬಂತು ಎಂಬುದಷ್ಟೇ ಲೆಕ್ಕ.

ಪ್ರಶಸ್ತಿಯ ಸುದ್ದಿ ಓದುವಾಗ ನಾವು ಗೆದ್ದವರ ಹೆಸರು ನೋಡಿ ಪುಟ ಮಗುಚುತ್ತೇವೆ. ಅರ್ಹತೆಯ ನಿಯಮ ಓದುವ ಸಹನೆ ಯಾರಿಗಿದೆ? ಆದರೆ ಸಂಗೀತ ಕಲಿಯುವ ಮಕ್ಕಳೂ ಅವರ ತಂದೆತಾಯಿಯರೂ ಒಮ್ಮೆ ಈ ನಿಯಮಗಳನ್ನು ನೋಡಬೇಕು. ಯಾವುದು ಸಂಗೀತ, ಯಾರು ರಚನಕಾರ ಎಂದು ಒಂದು ದೇಶ ಎಂಟು ದಶಕಗಳಲ್ಲಿ ಹೇಗೆ ಮನಸ್ಸು ಬದಲಿಸಿತು ಎಂಬುದು ಅಲ್ಲಿ ಕಾಣುತ್ತದೆ.

ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ತೀರಿಕೊಂಡದ್ದು 1911ರಲ್ಲಿ. ಅವರ ಉಯಿಲಿನಂತೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲಕ 1917ರಿಂದ ಬಹುಮಾನಗಳು ಶುರುವಾದವು. ಪತ್ರಿಕಾ ವರದಿಗೆ, ಕಾದಂಬರಿಗೆ, ನಾಟಕಕ್ಕೆ ಬಹುಮಾನವಿತ್ತು. ಸಂಗೀತಕ್ಕೆ ಇದ್ದದ್ದು ಪ್ರತಿಭಾವಂತ ವಿದ್ಯಾರ್ಥಿಯೊಬ್ಬ ಯೂರೋಪಿಗೆ ಹೋಗಿ ಕಲಿಯಲು ಕೊಡುವ ವಿದ್ಯಾರ್ಥಿವೇತನ ಮಾತ್ರ. 1935ರಲ್ಲಿ ಆ ವೇತನ ಪಡೆದ ತರುಣ ಸ್ಯಾಮ್ಯುಯೆಲ್ ಬಾರ್ಬರ್ ಮುಂದೆ 1958 ಮತ್ತು 1963ರಲ್ಲಿ ಎರಡು ಸಲ ಬಹುಮಾನವನ್ನೇ ಗೆದ್ದರು. ಸಂಗೀತ ಕೃತಿಗೇ ಬಹುಮಾನ ಕೊಡಲು ಆರಂಭಿಸಿದ್ದು 1943ರಲ್ಲಿ. ಮೊದಲ ವಿಜೇತರು ವಿಲಿಯಂ ಶೂಮನ್. ಈಗ ಬಹುಮಾನದ ಮೊತ್ತ 15,000 ಡಾಲರ್. ಹಣಕ್ಕಿಂತ ಅದರಿಂದ ಬರುವ ಹೆಸರು ದೊಡ್ಡದು. ಒಮ್ಮೆ ಗೆದ್ದರೆ ಕೃತಿ ಬರೆದುಕೊಡಿ ಎಂದು ವಾದ್ಯವೃಂದಗಳೇ ಹುಡುಕಿಕೊಂಡು ಬರುತ್ತವೆ.

ಬಹುಕಾಲ ನಿಯಮದಲ್ಲಿ ಒಂದು ಮಾತಿತ್ತು: ಕೃತಿಯು ಸಂಗೀತದ 'ದೊಡ್ಡ ಪ್ರಕಾರ'ಗಳಲ್ಲಿ ಒಂದಕ್ಕೆ ಸೇರಿರಬೇಕು. ಸಿಂಫನಿ, ಆಪೆರಾ, ವೃಂದಗಾನ, ನಾಲ್ಕೈದು ವಾದ್ಯಗಳ ಚೇಂಬರ್ ಸಂಗೀತ ಇತ್ಯಾದಿ. ಜೊತೆಗೆ ಕೃತಿಯ ಸ್ಕೋರ್, ಅಂದರೆ ಪ್ರತಿ ವಾದ್ಯಕ್ಕೂ ಸ್ವರ ಬರೆದಿಟ್ಟ ಹಸ್ತಪ್ರತಿಯನ್ನು ಕಳಿಸಬೇಕು. ಕೇಳಲು ಸರಳವಾದ ಕಾಗದಪತ್ರದ ವಿಷಯ. ಆದರೆ ನಮ್ಮ ಸಂಗೀತವನ್ನು ನೆನೆದರೆ ಇದರ ತೊಡಕು ಥಟ್ಟನೆ ಗೊತ್ತಾಗುತ್ತದೆ. ಕೃತಿಯ ಸಾಹಿತ್ಯವನ್ನೂ ಸ್ವರವನ್ನೂ ಪುಸ್ತಕದಲ್ಲಿ ಅಚ್ಚು ಹಾಕಬಹುದು. ವಿದ್ವಾಂಸರು ಮುಕ್ಕಾಲು ಗಂಟೆ ಹಾಡಿದ ತೋಡಿ ಆಲಾಪನೆಯನ್ನು, ಸ್ಥಳದಲ್ಲೇ ಹುಟ್ಟಿದ ನೆರವಲನ್ನು, ಕಲ್ಪನಾಸ್ವರವನ್ನು ಯಾವ ಕಾಗದದ ಮೇಲೆ ಬರೆದು ಕಳಿಸುವುದು? ಮನೋಧರ್ಮಕ್ಕೆ ಹಸ್ತಪ್ರತಿ ಇಲ್ಲ. ಅಮೆರಿಕದಲ್ಲಿ ಈ ತೊಡಕು ಎದುರಾದದ್ದು ಕರಿಯ ಜನರ ನಡುವೆ ಹುಟ್ಟಿ ಬೆಳೆದ ಜಾಝ್ ಸಂಗೀತಕ್ಕೆ. ಅಲ್ಲಿಯೂ ನುಡಿಸುವವನು ಆ ಕ್ಷಣದಲ್ಲಿ ಕಟ್ಟುವುದೇ ಜೀವಾಳ.

1965ರಲ್ಲಿ ಇದು ಬಹಿರಂಗ ಜಗಳವೇ ಆಯಿತು. ಆ ವರ್ಷದ ಮೂವರು ತೀರ್ಪುಗಾರರಿಗೆ ಬಹುಮಾನಕ್ಕೆ ತಕ್ಕ ಒಂದು ಕೃತಿಯೂ ಕಾಣಲಿಲ್ಲ. ಅದರ ಬದಲು ಡ್ಯೂಕ್ ಎಲಿಂಗ್ಟನ್ ಅವರ ಜೀವಮಾನದ ಸಾಧನೆಗೆ ವಿಶೇಷ ಗೌರವ ಕೊಡಿ ಎಂದು ಶಿಫಾರಸು ಮಾಡಿದರು. ಎಲಿಂಗ್ಟನ್ ದಶಕಗಳ ಕಾಲ ತಮ್ಮ ಜಾಝ್ ತಂಡ ನಡೆಸಿ, ಅದಕ್ಕಾಗಿ ಲೆಕ್ಕವಿಲ್ಲದಷ್ಟು ರಚನೆಗಳನ್ನು ಮಾಡಿದವರು. ಪುಲಿಟ್ಜರ್ ಬೋರ್ಡ್ ಶಿಫಾರಸನ್ನು ತಳ್ಳಿಹಾಕಿತು. ಮೂವರಲ್ಲಿ ಇಬ್ಬರು ರಾಜೀನಾಮೆ ಕೊಟ್ಟು ಹೊರನಡೆದರು. ಆ ವರ್ಷ ಸಂಗೀತಕ್ಕೆ ಬಹುಮಾನವೇ ಇಲ್ಲವಾಯಿತು. 66 ವರ್ಷದ ಎಲಿಂಗ್ಟನ್ ಮಾತ್ರ, ಇಷ್ಟು ಚಿಕ್ಕ ವಯಸ್ಸಿಗೇ ನನಗೆ ಅತಿಯಾದ ಕೀರ್ತಿ ಬರುವುದು ವಿಧಿಗೆ ಇಷ್ಟವಿಲ್ಲ ಎಂಬರ್ಥದ ಮಾತಾಡಿ ನಕ್ಕುಬಿಟ್ಟರು. ಅವರು ತೀರಿಕೊಂಡದ್ದು 1974ರಲ್ಲಿ. ಪುಲಿಟ್ಜರ್‌ನವರು ಅವರಿಗೆ ವಿಶೇಷ ಪ್ರಶಸ್ತಿ ಘೋಷಿಸಿದ್ದು 1999ರಲ್ಲಿ, ಅವರ ಜನ್ಮಶತಮಾನೋತ್ಸವದ ವರ್ಷ! ನಮ್ಮಲ್ಲಿ ಮಾತ್ರ ಹೀಗಾಗುತ್ತದೆ ಎಂದು ಬೇಸರಪಡುವವರು ಇದನ್ನು ಗಮನಿಸಬಹುದು.

ಅಂದಹಾಗೆ, ಈ ಬಹುಮಾನ ಮಹಿಳೆಯೊಬ್ಬರಿಗೆ ಮೊದಲು ಬಂದದ್ದು 1983ರಲ್ಲಿ, ಎಲೆನ್ ಟಾಫ್ ಜ್ವಿಲಿಕ್ ಅವರಿಗೆ. ಕರಿಯ ರಚನಕಾರರೊಬ್ಬರಿಗೆ ಬಂದದ್ದು 1996ರಲ್ಲಿ, ಜಾರ್ಜ್ ವಾಕರ್ ಅವರಿಗೆ. ಇವರನ್ನು ಹೊರಗಿಡುವ ಸಾಲು ನಿಯಮಾವಳಿಯಲ್ಲಿ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು.

1997ರಲ್ಲಿ ಮೊದಲ ಬಾರಿಗೆ ಜಾಝ್ ಕೃತಿಯೊಂದು ಗೆದ್ದಿತು. ವಿಂಟನ್ ಮಾರ್ಸಾಲಿಸ್ ಅವರ 'ಬ್ಲಡ್ ಆನ್ ದ ಫೀಲ್ಡ್ಸ್', ಗುಲಾಮಗಿರಿಯ ಕಥೆ ಹೇಳುವ ದೀರ್ಘ ರಚನೆ. ಇಲ್ಲಿಯೂ ದಿನಾಂಕದ ಪ್ರಶ್ನೆ ಎದ್ದಿತು. ಅದು 1994ರಲ್ಲೇ ನ್ಯೂಯಾರ್ಕ್‌ನಲ್ಲಿ ಪ್ರದರ್ಶನಗೊಂಡಿತ್ತು. ಆಮೇಲೆ ಕೆಲವು ಬದಲಾವಣೆ ಮಾಡಿದ ರೂಪವನ್ನು ಹೊಸ ಪ್ರದರ್ಶನವೆಂದು ಒಪ್ಪಿಕೊಂಡು ಅರ್ಹತೆ ಕೊಡಲಾಯಿತು. ಕಟ್ಟುನಿಟ್ಟಿನವರಿಗೆ ಇದು ನುಂಗಲಾರದ ತುತ್ತಾಯಿತು. ನಿಯಮವನ್ನು ಹೀಗೆ ಬಗ್ಗಿಸುವುದಕ್ಕಿಂತ ತಿದ್ದುವುದೇ ಮೇಲು ಎನ್ನುವವರ ಮಾತಿನಲ್ಲಿಯೂ ಹುರುಳಿತ್ತು.

ಹಾಗೆ ತಿದ್ದಿದ್ದು 2004ರಲ್ಲಿ. ಕೃತಿ ದೊಡ್ಡ ಗಾತ್ರದ್ದಾಗಿರಬೇಕು ಎಂಬ ಮಾತನ್ನು ಕಿತ್ತುಹಾಕಿದರು. ಸ್ಕೋರ್ ಕಳಿಸಿದರೆ ಒಳ್ಳೆಯದು, ಇಲ್ಲದಿದ್ದರೂ ಸರಿ. ಧ್ವನಿಮುದ್ರಣ ಇರಬೇಕು ಎಂದಾಯಿತು. ಕಛೇರಿಯಲ್ಲಿ ಮೊದಲ ಪ್ರದರ್ಶನ ಆಗಿರಲೇಬೇಕೆಂದಿಲ್ಲ, ಆ ವರ್ಷ ಅಮೆರಿಕದಲ್ಲಿ ಧ್ವನಿಮುದ್ರಿಕೆ ಬಿಡುಗಡೆಯಾಗಿದ್ದರೂ ಸಾಕು ಎಂದು ಸೇರಿಸಿದರು. ಬಹುಪಾಲು ರಚನಕಾರರೇ ಕೂರುತ್ತಿದ್ದ ತೀರ್ಪುಗಾರರ ಸಾಲಿಗೆ ಬೇರೆ ಬೇರೆ ಹಿನ್ನೆಲೆಯವರು ಬಂದರು. ಎಲ್ಲರಿಗೂ ಇದು ಹಿಡಿಸಲಿಲ್ಲ. 1987ರ ವಿಜೇತ ಜಾನ್ ಹಾರ್ಬಿಸನ್ ಬಲವಾಗಿಯೇ ವಿರೋಧಿಸಿದರು. ವರ್ಷಗಟ್ಟಲೆ ಕೂತು ಒಂದೊಂದು ಸ್ವರವನ್ನೂ ಬರೆಯುವ ರಚನಕಾರರಿಗೆ ಉಳಿದದ್ದೇ ಇಂಥ ಒಂದೆರಡು ಬಹುಮಾನ, ಅದರಲ್ಲೂ ಜನಪ್ರಿಯ ಸಂಗೀತ ನುಗ್ಗಿದರೆ ಅವರು ಎಲ್ಲಿಗೆ ಹೋಗಬೇಕು ಎಂಬ ಆತಂಕ ಸುಳ್ಳೇನಲ್ಲ. ಆದರೂ ಹಳೆಯ ನಿಯಮ ಎಲಿಂಗ್ಟನ್‌ರಂಥವರ ಪಾಲಿಗೆ ಏನು ಮಾಡಿತೆಂಬುದನ್ನು ನೋಡಿದಾಗ ತಿದ್ದುಪಡಿ ತಡವಾಗಿಯಾದರೂ ಬಂತಲ್ಲ ಎನಿಸುತ್ತದೆ.

ಇನ್ನು ಪ್ರವೇಶ ಮತ್ತು ನಾಮಕರಣದ ಕ್ರಮ. ಇದಕ್ಕೆ ಶಿಫಾರಸು ಪತ್ರ ಬೇಡ, ಯಾವ ಸಂಸ್ಥೆಯ ಬೆನ್ನಾಸರೆಯೂ ಬೇಡ. ರಚನಕಾರರೇ ತಮ್ಮ ಕೃತಿಯನ್ನು ಕಳಿಸಬಹುದು. ಪ್ರವೇಶ ಶುಲ್ಕ 75 ಡಾಲರ್. ಆ ಕ್ಯಾಲೆಂಡರ್ ವರ್ಷದಲ್ಲಿ ಅಮೆರಿಕದಲ್ಲಿ ಮೊದಲ ಪ್ರದರ್ಶನ ಅಥವಾ ಧ್ವನಿಮುದ್ರಿಕೆಯ ಬಿಡುಗಡೆ ಆಗಿರಬೇಕು. ಬಂದದ್ದನ್ನೆಲ್ಲ ಐವರು ತೀರ್ಪುಗಾರರು ಕೇಳಿ ಮೂರು ಕೃತಿಗಳನ್ನು ಆರಿಸಿ ಬೋರ್ಡಿಗೆ ಕಳಿಸುತ್ತಾರೆ. ಆ ಮೂರರಲ್ಲಿ ಒಂದನ್ನು ಬೋರ್ಡ್ ಆರಿಸುತ್ತದೆ. ಒಂದೂ ಬೇಡವೆಂದು ಬಿಡುವ ಅಧಿಕಾರವೂ ಅದಕ್ಕಿದೆ. 1953, 1964, 1965 ಮತ್ತು 1981ರಲ್ಲಿ ಸಂಗೀತ ಬಹುಮಾನವನ್ನು ಯಾರಿಗೂ ಕೊಡಲಿಲ್ಲ.

ಬೋರ್ಡಿನಲ್ಲಿ ಇರುವವರು ಹೆಚ್ಚಾಗಿ ಪತ್ರಕರ್ತರು, ಪ್ರಾಧ್ಯಾಪಕರು. ಸಂಗೀತ ಬಲ್ಲವರು ಆರಿಸಿದ್ದನ್ನು ಬಲ್ಲದವರು ತಿರುಗಿಸಬಹುದೇ? 1992ರಲ್ಲಿ ಅದೂ ಆಯಿತು. ತೀರ್ಪುಗಾರರು ರಾಲ್ಫ್ ಶೇಪಿ ಅವರ ಕೃತಿಯೊಂದನ್ನೇ ಹೆಸರಿಸಿದ್ದರು. ಇನ್ನೊಂದು ಹೆಸರು ಕೊಡಿ ಎಂದು ಬೋರ್ಡ್ ಕೇಳಿತು. ಅವರು ಕೊಟ್ಟರು. ಬೋರ್ಡ್ ಆ ಎರಡನೆಯದಕ್ಕೆ, ಅಂದರೆ ವೇಯ್ನ್ ಪೀಟರ್ಸನ್ ಅವರ ಕೃತಿಗೆ, ಬಹುಮಾನ ಘೋಷಿಸಿತು! ತೀರ್ಪುಗಾರರು ಪತ್ರಿಕಾ ಹೇಳಿಕೆ ಕೊಟ್ಟು ಪ್ರತಿಭಟಿಸಿದರು. ಪೀಟರ್ಸನ್ ಅವರ ಪರಿಸ್ಥಿತಿ ನೆನೆದರೆ ಅಯ್ಯೋ ಪಾಪ ಎನಿಸುತ್ತದೆ. ಬಹುಮಾನ ಬಂದ ದಿನವೇ ಊರೆಲ್ಲ ಇನ್ನೊಬ್ಬರ ಹೆಸರು ಮಾತಾಡುತ್ತಿತ್ತು.

ನಾಮಕರಣದಲ್ಲಿ ಇನ್ನೊಂದು ದಾರಿಯೂ ಇದೆ. ಯಾರೂ ಕಳಿಸದ ಕೃತಿಯನ್ನು ತೀರ್ಪುಗಾರರೇ ಎತ್ತಿಕೊಳ್ಳಬಹುದು. 2007ರಲ್ಲಿ ಗೆದ್ದ ಆರ್ನೆಟ್ ಕೋಲ್ಮನ್ ಅವರ 'ಸೌಂಡ್ ಗ್ರಾಮರ್' ಬಂದದ್ದು ಹೀಗೆ. ಅದು ಜರ್ಮನಿಯಲ್ಲಿ ನಡೆದ ಜಾಝ್ ಕಛೇರಿಯ ಧ್ವನಿಮುದ್ರಣ. 2018ರಲ್ಲಿ ಇದಕ್ಕಿಂತ ದೊಡ್ಡ ಅಚ್ಚರಿ. ಹಿಪ್-ಹಾಪ್ ಪ್ರಭಾವವಿದ್ದ ಕೃತಿಯೊಂದನ್ನು ಚರ್ಚಿಸುತ್ತಿದ್ದ ತೀರ್ಪುಗಾರರು, ಹಾಗಿದ್ದರೆ ಹಿಪ್-ಹಾಪನ್ನೇ ಏಕೆ ಕೇಳಬಾರದು ಎಂದುಕೊಂಡರು. ರ್‍ಯಾಪ್ ಗಾಯಕ ಕೆಂಡ್ರಿಕ್ ಲಾಮಾರ್ ಅವರ 'ಡ್ಯಾಮ್' ಕೇಳಿದರು, ಪಟ್ಟಿಗೆ ಸೇರಿಸಿದರು. ಬೋರ್ಡ್ ಅದನ್ನೇ ಆರಿಸಿತು. ಶಾಸ್ತ್ರೀಯ ಮತ್ತು ಜಾಝ್ ಎರಡರ ಹೊರಗಿನ ಸಂಗೀತಕ್ಕೆ ಈ ಬಹುಮಾನ ಬಂದದ್ದು ಅದೇ ಮೊದಲು. ಎಲಿಂಗ್ಟನ್ ಅವರನ್ನು ಒಪ್ಪದ ಮನೆಯ ಬಾಗಿಲು ಅಷ್ಟರಮಟ್ಟಿಗೆ ತೆರೆದಿತ್ತು. ಶಿಸ್ತಾಗಿ ಕೃತಿ, ಸ್ಕೋರ್, ಶುಲ್ಕ ಕಳಿಸಿ ಕಾದ ಎಳೆಯರಿಗೆ ಇದು ನ್ಯಾಯವೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ವಿದ್ಯಾರ್ಥಿಗಳು ನೋಡಬೇಕಾದದ್ದು ಕ್ಯಾರೊಲಿನ್ ಶಾ ಅವರ ಪ್ರಕರಣ. 2013ರಲ್ಲಿ ಗೆದ್ದಾಗ ಅವರಿಗೆ 30 ವರ್ಷ. ಅವರಿಗಿಂತ ಕಿರಿಯರಿಗೆ ಅದುವರೆಗೆ ಈ ಬಹುಮಾನ ಬಂದಿರಲಿಲ್ಲ. ಆಗ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ವಿದ್ಯಾರ್ಥಿನಿ. ಪಿಟೀಲು ನುಡಿಸುತ್ತಿದ್ದರು, ಎಂಟು ಜನರ ಗಾಯನ ತಂಡವೊಂದರಲ್ಲಿ ಹಾಡುತ್ತಿದ್ದರು. ಆ ಎಂಟು ಕಂಠಗಳಿಗಾಗಿಯೇ ಬರೆದ 'ಪಾರ್ಟಿಟಾ' ಅವರ ಕೃತಿ. ವಾದ್ಯವೇ ಇಲ್ಲ, ಹಾಡು, ಮಾತು, ಪಿಸುಮಾತು, ಉಸಿರು ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ಅದರ ನಾಲ್ಕು ಭಾಗಗಳು ಹಿಂದಿನ ವರ್ಷಗಳಲ್ಲೇ ಬಿಡಿಬಿಡಿಯಾಗಿ ಹಾಡಿದಂಥವು. ಪ್ರಶಸ್ತಿಯ ದಾಖಲೆಯಲ್ಲಿ ಅರ್ಹತೆಗೆ ಲೆಕ್ಕ ಹಿಡಿದದ್ದು 2012ರ ಅಕ್ಟೋಬರ್ 30ರಂದು ಬಿಡುಗಡೆಯಾದ ಧ್ವನಿಮುದ್ರಿಕೆಯನ್ನು. 2004ರಲ್ಲಿ ಸೇರಿಸಿದ ಆ ಒಂದು ಪದ ಇಲ್ಲದಿದ್ದರೆ ಈ ಹುಡುಗಿಯ ಕೃತಿ ದಿನಾಂಕದ ಹೊಸ್ತಿಲಲ್ಲೇ ಎಡವುತ್ತಿತ್ತು. ಅದನ್ನು ಕಳಿಸಿದ್ದು ಯಾವುದೇ ದೊಡ್ಡ ಪ್ರಕಾಶನವಲ್ಲ. ಅವರೇ ಶುಲ್ಕ ಕಟ್ಟಿ ಕಳಿಸಿದ್ದರು.

ಇಂಥ ಕನಸಿರುವ ಮಕ್ಕಳು ಈಗಿನಿಂದಲೇ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಕೃತಿ ಮೊದಲು ನುಡಿಸಿದ ದಿನಾಂಕ, ಸ್ಥಳ, ಕಾರ್ಯಕ್ರಮದ ಮುದ್ರಿತ ಪತ್ರಿಕೆ, ಒಳ್ಳೆಯ ಧ್ವನಿಮುದ್ರಣ ಇವನ್ನು ಜೋಪಾನ ಮಾಡಿಡುವುದು. ಯಾವ ದೇಶದ ಸ್ಪರ್ಧೆಯಾದರೂ ಕೇಳುವುದು ಬಹುತೇಕ ಇವನ್ನೇ.

ತಂದೆತಾಯಿಯರಿಗೂ ಒಂದು ಮಾತಿದೆ. ಶುಲ್ಕ ಕಟ್ಟಿ ಕೃತಿ ಕಳಿಸಿದವರೆಲ್ಲ ಅಭ್ಯರ್ಥಿಗಳು, ಅಷ್ಟೆ. 'ಪುಲಿಟ್ಜರ್‌ಗೆ ನಾಮಕರಣಗೊಂಡವರು' ಎಂದು ಹೇಳಿಕೊಳ್ಳುವ ಹಕ್ಕು ಕೊನೆಯ ಸುತ್ತಿಗೆ ಬಂದು ಪಟ್ಟಿಯಲ್ಲಿ ಹೆಸರು ಪ್ರಕಟವಾದವರಿಗೆ ಮಾತ್ರ. ಬರೀ ಪ್ರವೇಶ ಕಳಿಸಿದವರು ಹಾಗೆ ಬರೆದುಕೊಳ್ಳಬಾರದೆಂದು ಪುಲಿಟ್ಜರ್ ಕಚೇರಿಯೇ ಹೇಳುತ್ತದೆ. ಪುಸ್ತಕಗಳ ಹಿಂಬದಿಯಲ್ಲಿ, ಕಲಾವಿದರ ಪರಿಚಯ ಪತ್ರಗಳಲ್ಲಿ ಈ ಮಾತು ಧಾರಾಳವಾಗಿ ಕಾಣಿಸುತ್ತದೆ. ಕೀರ್ತಿ ನಂಬಿ ಮಗುವನ್ನು ಎಲ್ಲಾದರೂ ಸೇರಿಸುವ ಮೊದಲು ಆ ವರ್ಷದ ಪಟ್ಟಿ ನೋಡುವುದು ಒಳ್ಳೆಯದು. 1980ರಿಂದೀಚೆಗೆ ಕೊನೆಯ ಸುತ್ತಿನ ಹೆಸರುಗಳೆಲ್ಲ ಪ್ರಕಟವಾಗಿವೆ.

ಉಳಿದದ್ದು 'ಅಮೆರಿಕನ್' ಎಂಬ ಪದ. 1950 ಮತ್ತು 1955ರಲ್ಲಿ ಗೆದ್ದ ಜಾನ್ ಕಾರ್ಲೊ ಮೆನೊಟ್ಟಿ ಅಮೆರಿಕದಲ್ಲಿ ಬೆಳಗಿದರೂ ಇಟಲಿಯ ಪೌರತ್ವ ಬಿಟ್ಟುಕೊಟ್ಟವರಲ್ಲ. ಮುಂದೆ ಆ ಪದಕ್ಕೆ ಅಮೆರಿಕದ ಪೌರ ಎಂದೇ ಅರ್ಥ ಗಟ್ಟಿಯಾಯಿತು. ಹುಟ್ಟಿದ್ದು ಎಲ್ಲಿ ಎಂಬುದು ಮಾತ್ರ ಅಡ್ಡಿಯಾಗಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಐದನೆಯ ವಯಸ್ಸಿಗೆ ಅಮೆರಿಕ ಸೇರಿದ ವಿಜಯ್ ಶೇಷಾದ್ರಿ 2014ರಲ್ಲಿ ಕಾವ್ಯದ ಪುಲಿಟ್ಜರ್ ಗೆದ್ದರು. ಅದೇ ವರ್ಷ ಸಂಗೀತಕ್ಕೆ ಗೆದ್ದದ್ದು ಜಾನ್ ಲೂಥರ್ ಆ್ಯಡಮ್ಸ್ ಅವರ 'ಬಿಕಮ್ ಓಷನ್'. ವರ್ಷಗಟ್ಟಲೆ ಅಲ್ಲೇ ದುಡಿದು ಬದುಕುತ್ತಿದ್ದರೂ ಪೌರತ್ವ ಸಿಗದ ಬರಹಗಾರರು ಈ ಷರತ್ತಿನ ವಿರುದ್ಧ ದನಿ ಎತ್ತಿದ ಮೇಲೆ, 2023ರಲ್ಲಿ ಬೋರ್ಡ್ ಮಣಿಯಿತು. 2025ರ ಬಹುಮಾನದಿಂದ ಪುಸ್ತಕ, ನಾಟಕ, ಸಂಗೀತ ವಿಭಾಗಗಳಲ್ಲಿ ಅಮೆರಿಕದ ಕಾಯಂ ನಿವಾಸಿಗಳೂ, ಅಮೆರಿಕವನ್ನೇ ಬಹುಕಾಲದಿಂದ ಮುಖ್ಯ ಮನೆ ಮಾಡಿಕೊಂಡವರೂ ಅರ್ಹರು.

ಗ್ರೀನ್ ಕಾರ್ಡ್ ಹಿಡಿದು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ, ಮಗಳಿಗೆ ವೀಣೆಯನ್ನೂ ಪಿಯಾನೋವನ್ನೂ ಕಲಿಸುತ್ತಿರುವ ಕನ್ನಡದ ಮನೆಗಳಿಗೆ ಇದು ಗಮನಿಸಬೇಕಾದ ಬದಲಾವಣೆ. ಓದಲೆಂದು ಹೋಗಿ ಒಂದೆರಡು ವರ್ಷವಷ್ಟೇ ಆದವರು 'ಬಹುಕಾಲ' ಎಂಬ ಮಾತಿನೊಳಗೆ ಬರುವುದು ಕಷ್ಟ. ಪ್ರದರ್ಶನದ ನಿಯಮವಂತೂ ಹಾಗೆಯೇ ಇದೆ. ಆಕೆಯ ಕೃತಿಯನ್ನು ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದಲ್ಲಿ ನುಡಿಸಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರೂ ಅದು ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ ಕಛೇರಿ ಆಗಬೇಕು, ಇಲ್ಲವೇ ಅಲ್ಲಿ ಧ್ವನಿಮುದ್ರಿಕೆ ಬಿಡುಗಡೆಯಾಗಬೇಕು.