ಗಣಿಯ ಸೀಮೆಯ ಓದುಗರೂ ಕನ್ನಡ ಕಾದಂಬರಿಯೂ

ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಬೆಳಗಿನ ಹೊತ್ತು ಹೊರಡುವ ರೈಲುಬಂಡಿಯನ್ನು ಒಮ್ಮೆಯಾದರೂ ಹತ್ತಿದವರಿಗೆ, ಅದು ಬರಿಯ ಬಂಡಿಯಲ್ಲ, ಚಲಿಸುವ ಒಂದು ಊರೇ ಎಂಬುದು ತಿಳಿದಿರುವುದು. 2001ನೆಯ ಇಸವಿ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಆ ಸೀಮೆಯ ಸಹಸ್ರಾರು ಜನ ಹೊಟ್ಟೆಯ ಪಾಡಿಗಾಗಿ ದಿನವೂ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವವರಾದರು. ಹೋಗಿಬರುವುದರಲ್ಲಿಯೇ ದಿನಕ್ಕೆ ನಾಲ್ಕೈದು ಗಂಟೆಗಳನ್ನು ಕಳೆಯಬೇಕಾದ ಈ ಜನರು ಆ ಕಾಲವನ್ನು ಏನು ಮಾಡುತ್ತಾರೆ? ಕೆಲವರು ನಿದ್ರಿಸುತ್ತಾರೆ, ಕೆಲವರು ಇಸ್ಪೀಟಾಡುತ್ತಾರೆ, ಬಹುಮಂದಿ ಅಂಗೈಯಗಲದ ಮೊಬೈಲನ್ನು ದಿಟ್ಟಿಸುತ್ತಾರೆ. ಆದರೆ ಪುಸ್ತಕವನ್ನು ಬಿಡಿಸಿ ಕೂರುವವರು ಇಂದಿಗೂ ಇಲ್ಲದಿಲ್ಲ.

ಮೊನ್ನೆ ಅಂಥ ಬಂಡಿಯೊಂದರಲ್ಲಿ ನಮ್ಮೆದುರಿನ ಮೂವರು ಪ್ರಯಾಣಿಕರು ತಮ್ಮ ತಮ್ಮ ಓದನ್ನು ಕುರಿತು ಮಾತಿಗೆ ತೊಡಗಿದರು. ಒಬ್ಬರು ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ವೃದ್ಧರು. ಅವರ ಕೈಯಲ್ಲಿದ್ದುದು ಹೊದಿಕೆ ಹರಿದ ಹಳೆಯ ಪತ್ತೇದಾರಿ ಕಾದಂಬರಿ. ಮೂರನೆಯ ಸಲದ ಓದು. "ಕೊಲೆಗಾರ ಯಾರೆಂದು ನನಗೆ ಗೊತ್ತು, ಪತ್ತೇದಾರನಿಗೆ ಯಾವಾಗ ಗೊತ್ತಾಗುವುದೆಂದು ಕಾಯುತ್ತಿದ್ದೇನೆ" ಎಂದು ನಕ್ಕರು. ಎರಡನೆಯವರು ಒಬ್ಬ ಉಪಾಧ್ಯಾಯಿನಿ. ತಾಯಿಯ ಪೆಟ್ಟಿಗೆಯಲ್ಲಿದ್ದ ತ್ರಿವೇಣಿಯವರ ಕಾದಂಬರಿಗಳಿಂದ ಆರಂಭಿಸಿ, ಸಾಯಿಸುತೆಯವರ ಸಂಸಾರ ಕಥೆಗಳನ್ನು ಮುಗಿಸಿ, ಈಗ ಕೆ. ಎನ್. ಗಣೇಶಯ್ಯನವರ ರೋಚಕ ಕಾದಂಬರಿಗಳಿಗೆ ಬಂದು ನಿಂತವರು. ಮೂರನೆಯವನು ಉರಿಗಾಮಿನ ತರುಣ, ಮನೆಮಾತು ತಮಿಳು. ಪರೀಕ್ಷೆಗಾಗಿ ಹತ್ತು ವರ್ಷ ಕನ್ನಡ ಕಲಿತರೂ ಸ್ವಂತ ಇಚ್ಛೆಯಿಂದ ಓದಿದ ಮೊದಲನೆಯ ಕನ್ನಡ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಎಂದನು. ಅದನ್ನು ಕೊಟ್ಟವರಾರು? ಇದೇ ಬಂಡಿಯ ಸಹಪ್ರಯಾಣಿಕರೊಬ್ಬರು. ಮೂವರ ಮಾತನ್ನೂ ಕೇಳುತ್ತ ಕುಳಿತ ನಮಗೆ, ಕನ್ನಡ ಕಥಾಸಾಹಿತ್ಯದ ಚರಿತ್ರೆಯೇ ಒಂದು ಬೆಂಚಿನ ಮೇಲೆ ಕುಳಿತಂತೆ ತೋರಿತು.

ಆ ಚರಿತ್ರೆಯನ್ನು ಸ್ವಲ್ಪ ನೆನೆಯುವುದು ಉಚಿತ. ಬಂಗಾರಪೇಟೆಯು ಇನ್ನೂ ಕಮಿಷನರ್ ಬೌರಿಂಗರ ಹೆಸರನ್ನು ಹೊತ್ತು ಬೌರಿಂಗ್‌ಪೇಟೆಯಾಗಿದ್ದ ಕಾಲದಲ್ಲಿ, ಬಿ. ವೆಂಕಟಾಚಾರ್ಯರು (1845-1914) ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಜನರಿಗೆ ಕಥೆಯೋದುವ ಚಟವನ್ನು ಹತ್ತಿಸಿದರು. ಉತ್ತರದಲ್ಲಿ ಗಳಗನಾಥರು (1869-1942) ಐತಿಹಾಸಿಕ ಕಾದಂಬರಿಗಳನ್ನು ಬರೆದದ್ದಲ್ಲದೆ, ಆ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ತಿರುಗಿ ಮಾರಿದರು. ಆಮೇಲೆ ಪತ್ತೇದಾರಿಯ ಯುಗ ಬಂದಿತು. ಶಾಲೆಯ ವಿದ್ಯೆ ಅತ್ಯಲ್ಪವಾಗಿದ್ದ ಎನ್. ನರಸಿಂಹಯ್ಯನವರು (1925-2011) 'ಪತ್ತೇದಾರ ಪುರುಷೋತ್ತಮನ ಸಾಹಸ'ವೆಂಬ ಕಾದಂಬರಿಯಿಂದ ತೊಡಗಿ ನೂರಾರು ಪುಸ್ತಕಗಳನ್ನು ಬರೆದು, ಅಕ್ಷರ ಬಲ್ಲ ಕೂಲಿಕಾರನನ್ನೂ ಓದುಗನನ್ನಾಗಿ ಮಾಡಿದರು. ಕನ್ನಡದ ಕೆಂಪು ಹಳದಿ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ (1918-1967) ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರೆಂಬುದನ್ನು ಎಷ್ಟು ಮಂದಿ ಬಲ್ಲರು? ನಾಡಿಗಾಗಿ ಬಾವುಟವನ್ನು ಎತ್ತಿದ ಕೈಯೇ ಜನರಿಗಾಗಿ ಕಳ್ಳ ಪೋಲೀಸರ ಕಥೆಯನ್ನೂ ಬರೆಯಿತು. ಅವರಿಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ, ನಮಗೇಕೆ ಕಾಣಬೇಕು?

1980ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಮಾಟಮಂತ್ರದ ಕಥೆ 'ತುಳಸಿದಳ' ಕನ್ನಡಕ್ಕೆ ಬಂದು, 1985ರಲ್ಲಿ ಚಲನಚಿತ್ರವೂ ಆಯಿತು. ಪತ್ತೇದಾರನ ತರ್ಕವನ್ನು ಮೆಚ್ಚಿದ್ದವರ ಮಕ್ಕಳು ಭಯವನ್ನು ಮೆಚ್ಚಿದರು. ನಮ್ಮ ಉಪಾಧ್ಯಾಯಿನಿಯವರು ಆ ಕಾಲದಲ್ಲಿ ದೀಪವಾರಿಸದೆ ಮಲಗುತ್ತಿದ್ದರಂತೆ. ಈಗ ಅವರು ಮೆಚ್ಚುವ ಗಣೇಶಯ್ಯನವರು ಕೃಷಿ ವಿಜ್ಞಾನಿಗಳು, ಈ ಕೋಲಾರ ಜಿಲ್ಲೆಯವರೇ. ಶಾಸನ, ದೇವಾಲಯ, ಹಳೆಯ ನಿಧಿಗಳ ರಹಸ್ಯವನ್ನು ಬೆನ್ನಟ್ಟುವ ಅವರ ಕಥೆಗಳಲ್ಲಿ ಆಧಾರಗಳ ಉಲ್ಲೇಖವೂ ಇರುತ್ತದೆ. ಹೀಗೆ ಒಬ್ಬಳೇ ಓದುಗಳು ಮನೆಯೊಳಗಿನ ದುಃಖದಿಂದ ಭೂತದ ಭಯಕ್ಕೂ, ಅಲ್ಲಿಂದ ಇತಿಹಾಸದ ಕುತೂಹಲಕ್ಕೂ ದಾಟಿದಳು. ಅಭಿರುಚಿ ಕೆಟ್ಟಿತೆಂದು ಹಲುಬುವವರು ಈ ದಾಟುವಿಕೆಯನ್ನು ಗಮನಿಸಬೇಕು. ಓದುವವನ ರುಚಿ ಒಂದೆಡೆ ನಿಲ್ಲುವುದಿಲ್ಲ. ಓದನ್ನೇ ಬಿಟ್ಟವನ ರುಚಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಗಣಿಯ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷವಾದ ಗೌರವವಿದೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಗಣಿಗಳು ಬೆಳೆದಾಗ, ಕೆಲಸಕ್ಕೆಂದು ಬಂದು ನೆಲಸಿದವರಲ್ಲಿ ಬಹುಮಂದಿ ಉತ್ತರ ಆರ್ಕಾಡು, ಚಿತ್ತೂರು ಮೊದಲಾದ ತಮಿಳು ತೆಲುಗು ಸೀಮೆಯವರು. ಅಧಿಕಾರಿಗಳ ಬಂಗಲೆಗಳಲ್ಲಿ ಇಂಗ್ಲಿಷು, ಕೂಲಿಗಾರರ ಸಾಲುಮನೆಗಳಲ್ಲಿ ತಮಿಳು ತೆಲುಗು. ಕನ್ನಡಕ್ಕೆ ಉಳಿದದ್ದು ಸುತ್ತಣ ಹಳ್ಳಿಗಳೂ ಸರ್ಕಾರದ ಕಚೇರಿಯೂ. ಆ ಮನೆಗಳಲ್ಲಿ ತಮಿಳು ಉಳಿದದ್ದು ಯಾರ ಆಜ್ಞೆಯಿಂದಲೂ ಅಲ್ಲ. 1950ರಿಂದ 1954ರವರೆಗೆ 'ಕಲ್ಕಿ' ವಾರಪತ್ರಿಕೆಯಲ್ಲಿ ಪ್ರಕಟವಾದ 'ಪೊನ್ನಿಯಿನ್ ಸೆಲ್ವನ್'ನಂಥ ಕಥೆಗಳನ್ನು ಪಡೆದಿರುವ ಭಾಷೆಯನ್ನು ಅದರ ಮಕ್ಕಳು ಎಲ್ಲಿದ್ದರೂ ಬಿಡರು. ಇದರಲ್ಲಿ ನಾವು ಅಸೂಯೆ ಪಡತಕ್ಕದ್ದು ಏನೂ ಇಲ್ಲ, ಕಲಿಯತಕ್ಕದ್ದು ಬಹಳವಿದೆ. ನಾಮಫಲಕದ ಅಕ್ಷರ ಕನ್ನಡವಾಗಿರಬೇಕೆಂಬುದು ನ್ಯಾಯವೇ. ಆದರೆ ನಾಮಫಲಕವನ್ನು ನೋಡಿ ಯಾರೂ ಭಾಷೆಯನ್ನು ಪ್ರೀತಿಸಿದ್ದಿಲ್ಲ. ಉರಿಗಾಮಿನ ಆ ತರುಣನಿಗೆ ಹತ್ತು ವರ್ಷದ ಪಠ್ಯಪುಸ್ತಕ ಮಾಡಲಾರದ ಕೆಲಸವನ್ನು ಒಂದು ರೋಚಕ ಕಥೆ ಎರಡು ದಿನದ ಪ್ರಯಾಣದಲ್ಲಿ ಮಾಡಿತು.

ಇಂಥ ಕಾದಂಬರಿಗಳಲ್ಲಿ ಕಸವೇ ಹೆಚ್ಚಲ್ಲವೇ ಎಂದು ವಿದ್ವಾಂಸರು ಕೇಳಬಹುದು. ಕಸವಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಒಂದೇ ಅಚ್ಚಿನ ಪಾತ್ರ, ಅವಸರದ ಮುಕ್ತಾಯ, ಸವೆದ ಮಾತು, ಇವೆಲ್ಲ ಉಂಟು. ಆದರೆ ಚಿನ್ನದ ಸೀಮೆಯವರಿಗೆ ಈ ಲೆಕ್ಕವನ್ನು ನಾವು ಹೇಳಿಕೊಡಬೇಕೆ? ಟನ್ನುಗಟ್ಟಲೆ ಅದಿರನ್ನು ಅಗೆದು, ಅರೆದು, ತೊಳೆದ ಮೇಲೆ ಕೆಲವು ಗ್ರಾಂ ಚಿನ್ನ ದೊರೆಯುವುದು. ಉಳಿದದ್ದು ಸಯನೈಡ್ ದಿಬ್ಬಗಳಾಗಿ ಇಂದಿಗೂ ಊರ ನಡುವೆ ನಿಂತಿದೆ. ಅದಿರೇ ಬೇಡವೆಂದವನಿಗೆ ಚಿನ್ನವೂ ಇಲ್ಲ. ಕೋಲಾರ ಜಿಲ್ಲೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಅಧಿಕಾರಿಗಳಾಗಿದ್ದವರು. ಐತಿಹಾಸಿಕ ಕಾದಂಬರಿಯೆಂಬ ಜನಪ್ರಿಯ ಪ್ರಕಾರವನ್ನೇ ಕೈಗೆತ್ತಿಕೊಂಡು 1956ರಲ್ಲಿ 'ಚಿಕವೀರ ರಾಜೇಂದ್ರ'ವನ್ನು ಕೊಟ್ಟರು. 1983ರಲ್ಲಿ ಜ್ಞಾನಪೀಠ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. ಗಳಗನಾಥರು ಹೊತ್ತು ತಿರುಗಿ ಸಿದ್ಧಪಡಿಸಿದ ಓದುಗರ ನೆಲವಿಲ್ಲದೆ ಆ ಬೆಳೆ ಬರುತ್ತಿತ್ತೇ ಎಂದು ಯೋಚಿಸಬೇಕು.

ಇನ್ನು ನಮ್ಮ ಲೇಖಕರಿಗೊಂದು ಮಾತು. ಕಥೆಗೆ ವಸ್ತುವಿಲ್ಲವೆಂದು ಹೇಳುವಂತಿಲ್ಲ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದ ನೆಲವಿದು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಬಂಡೆ ಸಿಡಿದು ಕೂಲಿಗಾರರು ಪ್ರಾಣ ತೆತ್ತ ನೆಲವಿದು. ಅದೇ ಗಣಿಯ ಕತ್ತಲೆಯಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಸುಳಿವನ್ನು ಹಿಡಿದರು. ಪತ್ತೇದಾರಿಗೂ, ವಿಜ್ಞಾನ ಕಾದಂಬರಿಗೂ, ಸಾಹಸ ಕಥೆಗೂ ಇದಕ್ಕಿಂತ ಹೆಚ್ಚೇನು ಬೇಕು? 2018ರಲ್ಲಿಯೂ 2022ರಲ್ಲಿಯೂ ತೆರೆಕಂಡ ಎರಡು ಚಲನಚಿತ್ರಗಳು ಕೆ.ಜಿ.ಎಫ್. ಎಂಬ ಮೂರಕ್ಷರವನ್ನು ದೇಶದ ಮೂಲೆಮೂಲೆಗೂ ಮುಟ್ಟಿಸಿದವು. ಆ ಕಥೆ ಕಲ್ಪಿತವಾದದ್ದು. ಆ ಸೀಮೆಯಲ್ಲಿ ನಿಜವಾಗಿ ಬದುಕಿದವರ ಕಥೆಯನ್ನು ಅಷ್ಟೇ ರೋಚಕವಾಗಿ ಹೇಳತಕ್ಕ ಲೇಖನಿಗಳು ಇನ್ನೂ ಎಷ್ಟೋ ಬೇಕಾಗಿವೆ.

ಅಧಿಕಾರಿಗಳಿಗೂ ಪುರಜನರಿಗೂ ನಮ್ಮ ಸೂಚನೆ ಸರಳವಾದದ್ದು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನಿಂದ ನಡೆಯುವ ಪುಸ್ತಕ ಭಂಡಾರಗಳಲ್ಲಿ ಗಂಭೀರ ಗ್ರಂಥಗಳ ಪಕ್ಕದಲ್ಲಿ ಪತ್ತೇದಾರಿಗೂ ಸಾಹಸ ಕಥೆಗೂ ಸಂಕೋಚವಿಲ್ಲದೆ ಜಾಗ ಕೊಡಲಿ. ಮಗನ ಕೈಯಿಂದ ಕಥೆಪುಸ್ತಕವನ್ನು ಕಸಿಯುವ ತಂದೆ, ಅದರ ಜಾಗದಲ್ಲಿ ಏನು ಬಂದು ಕೂರುವುದೆಂದು ಒಂದು ಕ್ಷಣ ಆಲೋಚಿಸಲಿ. ಓದಿದವರು ಓದಿದ್ದನ್ನು ಪೆಟ್ಟಿಗೆಯಲ್ಲಿಡದೆ ಮತ್ತೊಬ್ಬರಿಗೆ ದಾಟಿಸಲಿ.

ಬಂಡಿ ಬಂಗಾರಪೇಟೆಯನ್ನು ಸೇರಿದಾಗ ವೃದ್ಧರು ಇಳಿಯಲು ಎದ್ದರು. ಪುಸ್ತಕದಲ್ಲಿ ಇನ್ನೂ ಹತ್ತು ಪುಟ ಉಳಿದಿದ್ದವು. ಅದನ್ನು ತರುಣನ ಕೈಗಿತ್ತು, "ಕೊನೆ ನನಗೆ ಗೊತ್ತು, ನೀನು ಓದು" ಎಂದರು. ಗಣಿಯಲ್ಲಿ ಚಿನ್ನ ತೆಗೆಯುವುದು ನಿಂತರೂ ಆ ಸೀಮೆಯಲ್ಲಿ ಕೈಯಿಂದ ಕೈಗೆ ದಾಟತಕ್ಕ ಸಂಪತ್ತು ಇನ್ನೂ ಉಳಿದಿದೆ. ಅದನ್ನು ಮುಗಿಯಗೊಡದಿರುವ ಹೊಣೆ ಕನ್ನಡಿಗರೆಲ್ಲರದು.