ವಿದ್ಯಾಧಿಕಾರವೂ ಸಾಮಾಜಿಕ ವೈಷಮ್ಯವೂ

ಸಮಾಜದಲ್ಲಿ ಕಾಣಬರುವ ವೈಷಮ್ಯಕ್ಕೆ ಧನದ ನ್ಯೂನಾಧಿಕ್ಯವೊಂದೇ ಕಾರಣವಲ್ಲ. ವಿದ್ಯೆಯಲ್ಲಿ ಯಾರಿಗೆ ಅಧಿಕಾರವುಂಟೆಂಬ ನಿರ್ಣಯವೂ ಅದಕ್ಕೆ ಮುಖ್ಯ ಕಾರಣವಾಗಿದೆ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಈ ವಿಚಾರವು ಚರ್ಚಿತವಾಗಿದೆ. ಯಜ್ಞದಲ್ಲಿ ಸರ್ವರಿಗೂ ಅಧಿಕಾರವುಂಟೆಂದು ಬಾದರಿಯ ಮತ. ಸಿದ್ಧಾಂತವು ಬೇರೆ: ಉಪನಯನವಿಧಿಯಲ್ಲಿ ತ್ರೈವರ್ಣಿಕರು ಮಾತ್ರ ಉಕ್ತರಾದುದರಿಂದ ಶೂದ್ರನಿಗೆ ಅಧ್ಯಯನವಿಲ್ಲ; ಅಧ್ಯಯನವಿಲ್ಲದುದರಿಂದ ವಿದ್ಯೆಯಿಲ್ಲ; ವಿದ್ಯೆಯಿಲ್ಲದುದರಿಂದ ಸಾಮರ್ಥ್ಯವಿಲ್ಲ. ಎಂದರೆ, ಇಲ್ಲಿ ಹೇಳಿದ ಅಸಾಮರ್ಥ್ಯವು ಸ್ವಭಾವಸಿದ್ಧವಲ್ಲ, ನಿಷೇಧಜನ್ಯ.

ಶಾಸ್ತ್ರದ ಈ ನಿರ್ಣಯಕ್ಕೆ ಭೂದಾನಗಳು ಬಲವನ್ನಿತ್ತುವು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಸಾಲೋಟಗಿ ಶಾಸನದಲ್ಲಿ ವಿದ್ಯಾರ್ಥಿಗಳ 27 ವಸತಿಗೃಹಗಳೂ ಅವರ ಪೋಷಣೆಗೆ ಬಿಟ್ಟ ಭೂಮಿಯೂ ಉಕ್ತವಾಗಿವೆ. ವಿವಾಹ, ಉಪನಯನ, ಚೌಲಗಳಲ್ಲಿ ಸಲ್ಲಬೇಕಾದ ಕಾಣಿಕೆಯನ್ನೂ ಅದು ಗೊತ್ತುಮಾಡುತ್ತದೆ. 1058ರ ನಾಗಾವಿ ಶಾಸನದ ಘಟಿಕಾಸ್ಥಾನದಲ್ಲಿ 200 ಮಂದಿ ವೇದವನ್ನೂ 50 ಮಂದಿ ಶಾಸ್ತ್ರವನ್ನೂ ಓದುತ್ತಿದ್ದರು. ಇಂತಹ ಸಂಸ್ಥೆಗಳು ನಾಡಿನ ವಿದ್ಯೆಯನ್ನು ಉಳಿಸಿದುದು ನಿಜ. ಆದರೆ ದತ್ತಿಯ ನೆಲವನ್ನು ಉತ್ತ ಒಕ್ಕಲುಮಕ್ಕಳಿಗೆ ಅಲ್ಲಿಯ ವೇದಪಾಠದಲ್ಲಿ ಪ್ರವೇಶವಿರಲಿಲ್ಲ.

ಇದರ ಫಲವು ಇಪ್ಪತ್ತನೆಯ ಶತಮಾನದ ರಾಜ್ಯಾಡಳಿತದಲ್ಲಿ ಪ್ರಕಟವಾಯಿತು. ಅಕ್ಷರಾಭ್ಯಾಸದ ಪರಂಪರೆಯುಳ್ಳ ಕುಲಗಳೇ ಇಂಗ್ಲಿಷ್ ವಿದ್ಯೆಯನ್ನೂ ಮೊದಲು ಸಂಪಾದಿಸಿ, ಮೈಸೂರು ಸಂಸ್ಥಾನದ ಉದ್ಯೋಗಗಳಲ್ಲಿ ಬಹುಭಾಗವನ್ನು ಪಡೆದುವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 7 ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೂ, ಕೆಳದರ್ಜೆಯವುಗಳಲ್ಲಿ ಮೂರರಲ್ಲೆರಡು ಭಾಗಕ್ಕೂ ಕಡಮೆಯಿಲ್ಲದಂತೆ ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿಯು 1919ರಲ್ಲಿ ಶಿಫಾರಸು ಮಾಡಿತು. ಯೋಗ್ಯತೆಯೇ ಪ್ರಮಾಣವಾಗಿರಬೇಕೆಂಬ ಅಭಿಪ್ರಾಯವುಳ್ಳ ದಿವಾನ್ ವಿಶ್ವೇಶ್ವರಯ್ಯನವರು 1918ರಲ್ಲಿಯೇ ಪದವಿಯನ್ನು ತ್ಯಜಿಸಿದ್ದರು.

ಯೋಗ್ಯತೆಯ ಪಕ್ಷವು ಉಪೇಕ್ಷಣೀಯವಲ್ಲ. ಅದಕ್ಷರ ಕೈಯಲ್ಲಿ ಆಡಳಿತವು ಕೆಟ್ಟರೆ ಬಡವರಿಗೇ ಹೆಚ್ಚು ಹಾನಿ. ಆದರೆ ಆ ಯೋಗ್ಯತೆಯ ಮೂಲವನ್ನು ವಿಚಾರಿಸಬೇಕು. ವಿದ್ಯೆಯಿಲ್ಲದುದರಿಂದ ಪದವಿಯಿಲ್ಲ, ಪದವಿಧನಗಳಿಲ್ಲದುದರಿಂದ ವಿದ್ಯೆಯಿಲ್ಲ ಎಂಬಲ್ಲಿ ಅನ್ಯೋನ್ಯಾಶ್ರಯದೋಷವು ಸ್ಪಷ್ಟವಾಗಿದೆ. ಬೀಜಾಂಕುರನ್ಯಾಯದಿಂದ ಇದನ್ನು ಪರಿಹರಿಸಲಾಗದು. ಆ ನ್ಯಾಯವು ಅನಾದಿಯಾದ ಪ್ರವಾಹಕ್ಕೆ ಸಲ್ಲತಕ್ಕದ್ದು. ಈ ಪರಂಪರೆಗಾದರೋ ದಾನದ ಕಾಲವೂ ಮೊತ್ತವೂ ಕಲ್ಲಿನಲ್ಲಿ ಕೆತ್ತಲ್ಪಟ್ಟಿವೆ. ಮನುಷ್ಯರು ಕಟ್ಟಿದುದನ್ನು ಮನುಷ್ಯರೇ ತಿದ್ದಬಲ್ಲರು.

ಮಿಲ್ಲರ್ ಸಮಿತಿಯ ಪರಿಶೀಲನೆಗೆ ಹುದ್ದೆಗಳೊಡನೆ ಉಚ್ಚಶಿಕ್ಷಣದ ಸೌಕರ್ಯಗಳೂ ಒಳಪಟ್ಟಿದ್ದುದರ ಮರ್ಮವಿದೇ. 1951ರಲ್ಲಿ ಭಾರತದ ಸಂವಿಧಾನಕ್ಕೆ ಸೇರಿದ 15(4)ನೆಯ ಉಪವಿಧಿಯೂ ಹಿಂದುಳಿದ ವರ್ಗಗಳಿಗಾಗಿ ವಿಶೇಷ ಏರ್ಪಾಡುಗಳಿಗೆ ಅವಕಾಶವನ್ನಿತ್ತಿತು. ಪದವಿಯೊಂದನ್ನೇ ಹಂಚಿದರೆ ಸರಪಣಿಯ ಒಂದು ಕೊಂಡಿ ಮಾತ್ರ ಸಡಿಲವಾಗುತ್ತದೆ; ವಿದ್ಯಾಧಿಕಾರವು ಸರ್ವರದಾದಾಗಲೇ ಅದು ಕಳಚುವುದು.