ಬೆಳಕು ಕಾಯುವವರು

ಹಂಚಿನ ಮನೆಯಲ್ಲಿ ಬೆಳೆದವರಿಗೆ ಬಿಸಿಲುಕೋಲು ಗೊತ್ತು. ಬೆಳಕಿಂಡಿಯಿಂದ ಓರೆಯಾಗಿ ಇಳಿದು, ಒಲೆಯ ಹೊಗೆಯೋ ದೂಳೋ ತಾಗಿದಾಗ ಮಾತ್ರ ಕಣ್ಣಿಗೆ ಬೀಳುವ ಬೆಳಕು ಅದು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅದನ್ನೇ ಮುಂಬೈನ ಸ್ಟುಡಿಯೊದೊಳಗೆ ಇಳಿಸಿದರು. ಗುರುದತ್ ಅವರ 'ಕಾಗಜ್ ಕೆ ಫೂಲ್' (1959) ಚಿತ್ರದ ಹಾಡಿಗೆ ಕತ್ತಲ ಸೆಟ್ಟಿನಲ್ಲಿ ಬಿಸಿಲುಕೋಲು ಬೇಕಿತ್ತು. ಸ್ಟುಡಿಯೊ ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ, ಬಿಸಿಲಿನ ಹಾಗೆ ನೇರ ನಿಲ್ಲುವುದಿಲ್ಲ. ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದು ಹೊರಗೆ ಸೂರ್ಯನಿಗೆ ಮುಖಮಾಡಿ, ಇನ್ನೊಂದು ಒಳಗೆ. ನಿಜವಾದ ಬಿಸಿಲೇ ಹಾಗೆ ಸೆಟ್ಟಿಗೆ ಇಳಿಯಿತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಆದರೆ ಕ್ಯಾಮೆರಾ ಹಿಡಿಯುವವರು ಆ ಬೆಳಕಿನ ಹಾಡನ್ನು ಇವತ್ತಿಗೂ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾರೆ.

ಮೂರ್ತಿ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಛಾಯಾಗ್ರಹಣವನ್ನು ಕಾರ್ಖಾನೆಯ ಕಸುಬುಗಳಂತೆಯೇ ಪಾಠ ಹೇಳಿಕೊಟ್ಟ ಸರ್ಕಾರಿ ಶಾಲೆ ಅದು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟುವುದಕ್ಕೂ ಮೊದಲೇ. ಮುಂದೆ ನಿರ್ದೇಶಕರಾದ ಗೋವಿಂದ ನಿಹಲಾನಿ ಓದಿದ್ದೂ ಅಲ್ಲೇ, ಆಮೇಲೆ ಪಳಗಿದ್ದು ಮೂರ್ತಿಯವರ ಕೈಕೆಳಗೆ. ನಮ್ಮ ಊರಿನ ಈ ಹೆಮ್ಮೆಯನ್ನು ನಾವೇ ಅಷ್ಟಾಗಿ ಹೇಳಿಕೊಂಡಿಲ್ಲ ಎನ್ನುವುದು ನನ್ನ ಕೊರಗು. ಪಾಲಿಟೆಕ್ನಿಕ್‌ನ ಆ ಛಾಯಾಗ್ರಹಣ ಕೋರ್ಸು ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆಗೆ ಹೋಯಿತು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು; ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಅವರ ಕಾಲದಲ್ಲಿ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತಿತ್ತು. 1,000 ಅಡಿಯ ರೋಲ್ ಹನ್ನೊಂದು ನಿಮಿಷಕ್ಕೆ ಖಾಲಿ. ಕ್ಯಾಮೆರಾ ಓಡುವಾಗ ಗಿರಗಿರ ಸದ್ದಿನ ಜೊತೆ ನಿರ್ಮಾಪಕರ ದುಡ್ಡೂ ಓಡುತ್ತಿತ್ತು. ಹಾಗಾಗಿ ಯೋಚನೆಯೆಲ್ಲ ಮೊದಲೇ ಮುಗಿದಿರಬೇಕು. ಲೈಟ್ ಮೀಟರನ್ನು ನಟಿಯ ಕೆನ್ನೆಯ ಬಳಿ ಹಿಡಿದು, ಮುಳ್ಳು ನೋಡಿ, ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂದು ನಿರ್ಧರಿಸಿದರೆ ಆಯಿತು. ಸರಿಯೋ ತಪ್ಪೋ ತಿಳಿಯುವುದು ಲ್ಯಾಬಿನಿಂದ ಪ್ರಿಂಟ್ ಬಂದಮೇಲೆ. ಅಲ್ಲಿಯವರೆಗೆ ಚಿತ್ರ ಇರುತ್ತಿದ್ದುದು ಛಾಯಾಗ್ರಾಹಕನ ತಲೆಯಲ್ಲಿ ಮಾತ್ರ.

ಈಗ ಚಿತ್ರ ಮಾನಿಟರಿನಲ್ಲಿದೆ. ನಿರ್ದೇಶಕ, ನಟ, ಮೇಕಪ್‌ನವರು, ಎಲ್ಲರೂ ಅದರ ಸುತ್ತ ನಿಂತು ನೋಡುತ್ತಾರೆ. ಸೆನ್ಸರ್‌ಗಳು ಎಷ್ಟು ಚುರುಕಾಗಿವೆಯೆಂದರೆ ಒಂದು ಹಣತೆಯ ಬೆಳಕಲ್ಲೂ ಮುಖ ಕಾಣುತ್ತದೆ. ಚಿತ್ರೀಕರಣ ಮುಗಿದ ಮೇಲೂ ಬಣ್ಣ ತಿದ್ದುವ ಡಿ.ಐ. ಕೋಣೆಯಲ್ಲಿ ಆಕಾಶದ ಬಣ್ಣ ಬದಲಿಸಬಹುದು, ಒಂದು ಕಣ್ಣಷ್ಟನ್ನೇ ಬೆಳಗಿಸಬಹುದು. ಎಲ್‌ಇಡಿ ಗೋಡೆಯ ಮೇಲೆ ಹಿಮಾಲಯವನ್ನೇ ಮೂಡಿಸಿ, ಅದರ ಬೆಳಕು ನಟನ ಮೈಮೇಲೆ ಬೀಳುವಂತೆಯೂ ಮಾಡುತ್ತಾರೆ.

ಹಾಗಾದರೆ ಛಾಯಾಗ್ರಾಹಕನಿಗೆ ಉಳಿದ ಕೆಲಸವೇನು? ಹಳೆಯ ಮನೆಯೊಂದರಲ್ಲಿ ನಡೆದ ಸಣ್ಣ ಚಿತ್ರದ ಶೂಟಿಂಗಿಗೆ ಹೋದಾಗ ನನಗೆ ಉತ್ತರ ಸಿಕ್ಕಿತು. ಕಿಟಕಿಯ ಪಕ್ಕ ಹಿರಿಯ ನಟಿಯೊಬ್ಬರು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಕ್ಯಾಮೆರಾದ ಹುಡುಗ ಅವರ ಇನ್ನೊಂದು ಮಗ್ಗುಲಿಗೆ ಬಿಳಿ ಥರ್ಮೋಕೋಲ್ ಹಲಗೆ ಹಿಡಿಸಿದ. ಕೆನ್ನೆಯ ನೆರಳು ಕರಗಿ, ಮೊಮ್ಮಕ್ಕಳನ್ನು ಕಾಯುತ್ತ ಕೂತ ಅಜ್ಜಿ ಕಂಡರು. ಅವನಿಗೆ ಸಮಾಧಾನವಾಗಲಿಲ್ಲ. ಹಲಗೆ ತೆಗೆಸಿ, ಅದೇ ಜಾಗಕ್ಕೆ ಕಪ್ಪು ಬಟ್ಟೆ ಕಟ್ಟಿಸಿದ. ಗೋಡೆಯಿಂದ ಪುಟಿಯುತ್ತಿದ್ದ ಚೂರು ಬೆಳಕನ್ನೂ ಬಟ್ಟೆ ನುಂಗಿತು, ಅರ್ಧ ಮುಖ ಕತ್ತಲಿಗೆ ಸರಿಯಿತು. ಅದೇ ಅಕ್ಕಿ, ಅದೇ ಬೆರಳು; ಆದರೆ ಈಗ ಅಲ್ಲಿ ಯಾರಿಗೂ ಹೇಳದ ಮಾತೊಂದನ್ನು ಒಳಗಿಟ್ಟುಕೊಂಡ ಹೆಂಗಸು ಕೂತಿದ್ದಳು. ಕಪ್ಪು ಬಟ್ಟೆ ಕಟ್ಟಬೇಕೆಂದು ಅವನಿಗೆ ಹೇಳಿದ್ದು ಕ್ಯಾಮೆರಾ ಅಲ್ಲ, ಕಥೆ.

ಹಿಂದಿನವರ ಹೆಣಗಾಟ ಸಾಕಷ್ಟು ಬೆಳಕು ತರುವುದಕ್ಕೆ; ಇಂದಿನವರಿಗೆ ಎಷ್ಟನ್ನು ತಡೆಯಬೇಕು ಎನ್ನುವುದೇ ದೊಡ್ಡ ಪಾಠ. ಅರವಿಂದ್ ಕಶ್ಯಪ್ ಕ್ಯಾಮೆರಾದ 'ಕಾಂತಾರ'ದಲ್ಲಿ (2022) ಭೂತಕೋಲದ ರಾತ್ರಿಯನ್ನು ನೆನೆಸಿಕೊಳ್ಳಿ, ಬೆಂಕಿಯ ಬೆಳಕಿನಾಚೆ ಕಾಡನ್ನು ಕಾಡಾಗಿಯೇ ಬಿಟ್ಟಿದ್ದಾರೆ. ಛಾಯಾಗ್ರಹಣ ಕಲಿಯಬೇಕೆನ್ನುವ ಮಕ್ಕಳು ನನ್ನನ್ನು ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುತ್ತಾರೆ. ಮೊದಲು ನಿಮ್ಮ ಮನೆಯ ಒಂದು ಕಿಟಕಿಯನ್ನು ಬೆಳಗಿನಿಂದ ಸಂಜೆವರೆಗೆ ನೋಡಿ ಬನ್ನಿ ಎನ್ನುತ್ತೇನೆ. ಆಮೇಲೆ ಮೊಬೈಲಿನಲ್ಲೇ ಚಿತ್ರ ತೆಗೆದರೂ ಅಡ್ಡಿಯಿಲ್ಲ.

ಬೆಳಕನ್ನು ಎಷ್ಟು ತಡೆಯಬೇಕು ಎನ್ನುವ ಪ್ರಶ್ನೆ ಈಗ ಹಳೆಯ ಚಿತ್ರಗಳಿಗೂ ಬಂದಿದೆ. ಎಸ್. ರಾಮಚಂದ್ರ ಛಾಯಾಗ್ರಹಣದ 'ಘಟಶ್ರಾದ್ಧ' (1977) ಡಿಜಿಟಲ್ ಆಗಿ ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಇಂದಿನ ಯಂತ್ರಗಳಿಗೆ ಅದರಲ್ಲಿನ ಅಗ್ರಹಾರದ ಮೂಲೆಮೂಲೆಯನ್ನೂ ಬೆಳಗಿಸುವುದು ಕಷ್ಟವಲ್ಲ. ಆದರೆ ರಾಮಚಂದ್ರ ತೀರಿಕೊಂಡು ವರ್ಷಗಳಾಗಿವೆ. ಕಪ್ಪು ಬಿಳುಪಿನ ಆ ಚಿತ್ರದ ಜಗಲಿಯಲ್ಲಿ ಎಷ್ಟು ಕತ್ತಲು ಉಳಿಯಬೇಕೆಂದು ಕೇಳಲು ಈಗಿರುವುದು ಅವರು ತೆಗೆದ ನೆಗೆಟಿವ್.